ಭಾವನ ಹೊಸ ಕಾರಿಗೆ ವ್ಯಾಕ್ಸ್: ಉಜ್ಜಿದ್ದು ಕಡಿಮೆ, ತೊಳೆದಿದ್ದು ಜಾಸ್ತಿ

ಹೊಸ ಕಾರಿನ ಬಣ್ಣ ಕೆಡುವುದು ಬಿಸಿಲು ಮಳೆಗೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ವರ್ಷಗಳು ಕಳೆದಂತೆ ಅದೂ ನಿಜವೇ. ಆದರೆ ಮೊದಲ ಒಂದೆರಡು ವರ್ಷದಲ್ಲಿ ಕಾರನ್ನು ಮಂಕು ಮಾಡುವುದು ಒರೆಸುವ ಬಟ್ಟೆ. ಬೆಳಗ್ಗೆ ಎದ್ದು ಒಣ ಧೂಳಿನ ಮೇಲೆ ಬಟ್ಟೆ ಆಡಿಸುವುದು, ಅದನ್ನು ಅರ್ಧ ಬಕೆಟ್ ಕೆಸರು ನೀರಿನಲ್ಲಿ ಹಿಂಡುವುದು, ಮತ್ತೆ ಆಡಿಸುವುದು. ಬೆಂಗಳೂರಿನ ಯಾವುದಾದರೂ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಹೋಗಿ, ಕಪ್ಪು ಕಾರೊಂದರ ಬಾನೆಟ್ ಮೇಲೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಬೆಳಕಿನ ಸುತ್ತ ನೂರಾರು ಸಣ್ಣ ಗೀರುಗಳು ಸುತ್ತು ಸುತ್ತಾಗಿ ಕಾಣುತ್ತವೆ. ಸ್ವರ್ಲ್ ಮಾರ್ಕ್ ಅನ್ನುವುದು ಇದಕ್ಕೇ. ಗೀರುಗಳೇನೂ ದುಂಡಗಿರುವುದಿಲ್ಲ. ಎಲ್ಲ ದಿಕ್ಕಿಗೂ ಎಳೆದಿರುತ್ತವೆ. ಬೆಳಕಿಗೆ ಅಡ್ಡವಾಗಿ ಬಿದ್ದಿರುವವು ಮಾತ್ರ ಹೊಳೆಯುವುದರಿಂದ ನಮ್ಮ ಕಣ್ಣಿಗೆ ವೃತ್ತದ ಹಾಗೆ ತೋರುತ್ತವೆ, ಅಷ್ಟೇ.

ಭಾವ ಈ ಸಲ ಅಕ್ಷಯ ತೃತೀಯಕ್ಕೆ ಹೊಸ ಕಾರು ತಂದರು. ಬಣ್ಣ ಅಕ್ಕನ ಆಯ್ಕೆ, ಕಡು ನೀಲಿ ಮೆಟಾಲಿಕ್. ನೋಡಲು ಚೆಂದ, ಕಾಪಾಡಲು ಕಷ್ಟ. ಬಿಳಿ ಅಥವಾ ಬೆಳ್ಳಿ ಬಣ್ಣದ ಮೇಲೆ ಗೀರು ಬಿದ್ದರೂ ಬೇಗ ಗೊತ್ತಾಗುವುದಿಲ್ಲ. ಕಡು ಬಣ್ಣದ ಮೇಲೆ ಎಲ್ಲವೂ ಎದ್ದು ಕಾಣುತ್ತದೆ. ಅವರ ಮನೆ ಮುಂದೆ ಹೊಂಗೆ ಮರ, ನಲ್ಲಿಯಲ್ಲಿ ಬೋರ್‌ವೆಲ್ ನೀರು, ಎದುರು ಸೈಟಿನಲ್ಲಿ ಮನೆ ಕಟ್ಟುತ್ತಿರುವ ಸಿಮೆಂಟ್ ಧೂಳು. ಕಾರಿಗೆ ಏನೇನು ಕಾಟ ಬರಬಹುದೋ ಎಲ್ಲ ಒಂದೇ ಕಡೆ. ಮಳೆಗಾಲ ಹಿಡಿಯುವ ಮೊದಲು ತೊಳೆದು ವ್ಯಾಕ್ಸ್ ಹಾಕಿಬಿಡೋಣ ಅಂತ ಒಂದು ಶನಿವಾರ ಭಾನುವಾರ ಅಲ್ಲೇ ಠಿಕಾಣಿ ಹೂಡಿದೆ. ಏನು ಮಾಡಿದೆವು, ಏನು ಬೇಡ ಅಂತ ಬಿಟ್ಟೆವು, ಯಾಕೆ ಬಿಟ್ಟೆವು ಅನ್ನುವುದು ಮುಂದೆ ಇದೆ.

ಬಣ್ಣ ಎಷ್ಟು ದಪ್ಪ?

ಕಾರಿನ ಬಣ್ಣ ಒಂದೇ ಪದರ ಅಲ್ಲ. ತಗಡಿನ ಮೇಲೆ ತುಕ್ಕು ತಡೆಯುವ ಇ-ಕೋಟ್, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣದ ಬೇಸ್ ಕೋಟ್, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಕಾರ್ಖಾನೆಯಿಂದ ಬರುವಾಗ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ ಇರುತ್ತದೆ. ಜೆರಾಕ್ಸ್ ಅಂಗಡಿಯ ಎ4 ಹಾಳೆ ಹತ್ತಿರ ಹತ್ತಿರ 100 ಮೈಕ್ರಾನ್ ದಪ್ಪ. ಲಕ್ಷಗಟ್ಟಲೆ ಕೊಟ್ಟು ತಂದ ಕಾರಿನ ಮೇಲಿರುವುದು ಒಂದು ಹಾಳೆಯಷ್ಟು ಬಣ್ಣ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 35ರಿಂದ 50 ಮೈಕ್ರಾನ್. ಹೊಳಪು ಬರುವುದು ಇದರಿಂದಲೇ, ಬಿಸಿಲಿನ ಯುವಿ ಕಿರಣ ಕೆಳಗಿನ ಬಣ್ಣಕ್ಕೆ ತಗುಲದಂತೆ ತಡೆಯುವುದೂ ಇದೇ.

ಗೀರು ಬಿದ್ದರೆ ಪಾಲಿಶ್ ಮಾಡಿಸಿದರಾಯಿತು ಅಂತ ಭಾವ ಹೇಳಿದರು. ಪಾಲಿಶ್ ಅಂದರೆ ಗೀರನ್ನು ತುಂಬುವುದಲ್ಲ. ಗೀರಿನ ತಳ ಸಿಗುವ ತನಕ ಸುತ್ತಲಿನ ಕ್ಲಿಯರ್ ಕೋಟನ್ನೇ ಸವೆಸಿ ಮಟ್ಟ ಮಾಡುವುದು. ಪ್ರತಿ ಸಲ ಕೆಲವು ಮೈಕ್ರಾನ್ ಹೋಗುತ್ತದೆ. ಹೋದದ್ದು ವಾಪಸ್ ಬರುವುದಿಲ್ಲ. ಹೊಸ ಕಾರಿನಲ್ಲಿ ಪಾಲಿಶ್‌ಗೆ ಕೆಲಸವೇ ಇರಬಾರದು. ಹೊಳಪು ಕಾರ್ಖಾನೆಯಲ್ಲೇ ಬಂದಿದೆ. ಅದರ ಮೇಲೆ ಕೂತ ಕೊಳೆಯನ್ನು ಆದಷ್ಟು ಉಜ್ಜದೆ ತೆಗೆಯಬೇಕು, ಮುಂದೆ ಕೂರುವ ಕೊಳೆ ಗಟ್ಟಿಯಾಗಿ ಹಿಡಿಯದ ಹಾಗೆ ಒಂದು ತೆಳು ಪದರ ಹಚ್ಚಬೇಕು. ನಮ್ಮ ಎರಡು ದಿನದ ಕೆಲಸ ಪೂರ್ತಿ ಇಷ್ಟೇ.

ಶೋರೂಮಿನಲ್ಲಿ ಬೇಡ ಅಂದದ್ದು

ಡೆಲಿವರಿಗೆ ಮೊದಲೇ ಭಾವನಿಗೆ ಒಂದು ಮಾತು ಹೇಳಿದ್ದೆ. "ಭಾವ, ಕಾರು ಕೊಡುವ ದಿನ ಅವರು ತೊಳೆದು ಒರೆಸಿ ಪಳಪಳ ಅನ್ನಿಸಿ ಕೊಡುತ್ತಾರೆ. ಬೇಡ ಅನ್ನಿ. ಧೂಳಿದ್ದರೂ ಪರವಾಗಿಲ್ಲ, ನೀರು ಹಾಯಿಸಿ ಹಾಗೇ ಕೊಡಿ ಅನ್ನಿ." ಸ್ಟಾಕ್‌ಯಾರ್ಡಿನಲ್ಲಿ ವಾರಗಟ್ಟಲೆ ಬಿಸಿಲಲ್ಲಿ ನಿಂತ ಕಾರು ಅದು. ಡೆಲಿವರಿ ದಿನ ಸಾಲಾಗಿ ಹತ್ತಾರು ಕಾರು ತೊಳೆಯುವ ಹುಡುಗರಿಗೆ ಹೊತ್ತು ಎಲ್ಲಿರುತ್ತದೆ? ಒಂದೇ ಸ್ಪಾಂಜ್ ಎಲ್ಲ ಕಾರಿನ ಮೇಲೂ ಓಡಾಡುತ್ತದೆ. ಹೊಸ ಕಾರಿನ ಮೊದಲ ಗೀರು ಬೀಳುವುದು ಎಷ್ಟೋ ಸಲ ಅಲ್ಲೇ. ಭಾವ ಸ್ವಲ್ಪ ಮುಜುಗರ ಪಟ್ಟುಕೊಂಡೇ ಹೇಳಿದರು. ಶೋರೂಮಿನವರು ಒಪ್ಪಿದರು.

ಇನ್ನೊಂದು ಬೇಡ ಅಂದದ್ದು ಕೋಟಿಂಗ್ ಪ್ಯಾಕೇಜ್. ಟೆಫ್ಲಾನ್, ಸೆರಾಮಿಕ್ ಅಂತ ಬಿಲ್ಲಿನ ಕೊನೆಗೆ ಸೇರಿಸಲು ನೋಡುತ್ತಾರೆ. ಸೆರಾಮಿಕ್ ಕೋಟಿಂಗ್ ಕೆಟ್ಟದ್ದಲ್ಲ. ಒಳ್ಳೆಯ ಕೈಯಲ್ಲಿ ಮಾಡಿಸಿದರೆ ಒಂದೆರಡು ವರ್ಷ ಬಾಳುತ್ತದೆ, ನೀರು ಜಾರಿಹೋಗುತ್ತದೆ, ತೊಳೆಯುವುದು ಸುಲಭವಾಗುತ್ತದೆ. ಆದರೆ "9ಎಚ್ ಗಡಸುತನ, ಸ್ಕ್ರ್ಯಾಚ್ ಆಗಲ್ಲ ಸಾರ್" ಅನ್ನುತ್ತಾರಲ್ಲ, ಅದನ್ನು ನಂಬಬೇಡಿ. ಆ 9ಎಚ್ ಅನ್ನುವುದು ಪೆನ್ಸಿಲ್ ಗಡಸುತನದ ಅಳತೆ. ವಜ್ರಕ್ಕೆ 10 ಅನ್ನುವ ಮೋಸ್ ಅಳತೆಯೇ ಬೇರೆ. ರಸ್ತೆಯ ಮರಳಿನ ಕಣ ಸೆರಾಮಿಕ್ ಹಾಕಿದ ಕಾರನ್ನೂ ಗೀರುತ್ತದೆ, ಹಾಕದ ಕಾರನ್ನೂ ಗೀರುತ್ತದೆ. ಹೇಗಿದ್ದರೂ ಜೋಪಾನವಾಗಿ ತೊಳೆಯಲೇಬೇಕು. ಹಾಗಿದ್ದ ಮೇಲೆ ವ್ಯಾಕ್ಸ್ ಸಾಕು ಅನ್ನುವುದು ನನ್ನ ಲೆಕ್ಕ. ದುಡ್ಡೂ ಉಳಿಯಿತು.

ನೀರಿನ ವಿಷಯ

ಬೆಂಗಳೂರಿನಲ್ಲಿ ಕಾರು ತೊಳೆಯುವುದು ಅಂದ ಕೂಡಲೇ ಮೊದಲು ಬರುವ ಪ್ರಶ್ನೆ ನೀರು. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿ ಹಾಹಾಕಾರ ಎದ್ದಾಗ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ಮರುವರ್ಷದ ಬೇಸಿಗೆಗೂ ಅದೇ ಆದೇಶ ಮತ್ತೆ ಬಂತು. ಕಾವೇರಿ ನೀರನ್ನು ಪೈಪಿನಲ್ಲಿ ಬಿಟ್ಟು ಕಾರಿಗೆ ಹೊಯ್ಯುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಉಳಿದದ್ದು ಬೋರ್‌ವೆಲ್ ನೀರು. ಅದರ ತೊಂದರೆ ಬೇರೆ ಥರ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಹನಿ ಬಣ್ಣದ ಮೇಲೆ ನಿಂತು ಆರಿದರೆ ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಸುತ್ತ ಬಿಳಿ ಉಂಗುರ. ಕೂಡಲೇ ಒರೆಸಿದರೆ ಹೋಗುತ್ತದೆ. ಬಿಸಿಲಲ್ಲಿ ಮತ್ತೆ ಮತ್ತೆ ಸುಟ್ಟರೆ ಬಣ್ಣವನ್ನೇ ಕಚ್ಚಿ ಹಿಡಿಯುತ್ತದೆ. ನೀರಿನ ಹನಿ ಭೂತಗನ್ನಡಿ ಆಗಿ ಬಣ್ಣ ಸುಡುತ್ತದೆ ಅಂತ ಕೆಲವರು ಹೇಳುತ್ತಾರೆ. ಅದು ಸುಮ್ನೆ ಮಾತು. ಕೆಲಸ ಕೆಡಿಸುವುದು ಆ ಉಪ್ಪು.

ನನ್ನ ಹತ್ತಿರ ಪೆನ್ನಿನ ಗಾತ್ರದ ಟಿಡಿಎಸ್ ಮೀಟರ್ ಇದೆ, ಒಂದು ಲೀಟರ್ ನೀರಿನಲ್ಲಿ ಸುಮಾರು ಎಷ್ಟು ಮಿಲಿಗ್ರಾಂ ಉಪ್ಪು ಕರಗಿದೆ ಅಂತ ತೋರಿಸುವುದು. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅಕ್ಕನ ಮನೆಯ ನೀರನ್ನೆಲ್ಲ ಲೋಟಕ್ಕೆ ಹಿಡಿದು ಒಂದೊಂದಾಗಿ ಅದ್ದಿ ನೋಡಿದೆ. ಬೋರ್‌ವೆಲ್ ನೀರು 780 ತೋರಿಸಿತು. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 2,000ದ ತನಕ ಅಡ್ಡಿಯಿಲ್ಲ. ಅಂದರೆ 780 ಬೆಂಗಳೂರಿಗೆ ತೀರಾ ಕೆಟ್ಟದ್ದೇನಲ್ಲ, ಆದರೆ ಕಡು ನೀಲಿ ಕಾರಿಗೆ ಸಾಕಷ್ಟು ಕೆಟ್ಟದ್ದು.

ಅಷ್ಟರಲ್ಲಿ ಅಕ್ಕ ಬಕೆಟ್ ತಂದಿಟ್ಟಳು. "ಲೋ, ಆರ್‌ಓ ವೇಸ್ಟ್ ನೀರು ಹಿಡಿದಿಟ್ಟಿದ್ದೀನಿ, ಇದರಲ್ಲೇ ತೊಳೀರಿ. ಸುಮ್ನೆ ಚೆಲ್ಲೋದು ಯಾಕೆ?" ನೀರು ಉಳಿಸುವ ಮನಸ್ಸು ದೊಡ್ಡದೇ. ಆದರೆ ಫಿಲ್ಟರು ಒಳ್ಳೆಯ ನೀರನ್ನು ಒಂದು ಕಡೆ ಕಳಿಸಿ, ಉಪ್ಪನ್ನೆಲ್ಲ ತಳ್ಳುವುದು ಇದೇ ನೀರಿಗೆ. ಮೀಟರ್ ಅದ್ದಿದರೆ 1,300 ದಾಟಿತು. ಇದನ್ನು ಚಕ್ರಕ್ಕೆ, ಮಡ್‌ಗಾರ್ಡಿನ ಒಳಗಡೆಗೆ, ಮೊದಲ ಸಲ ಕೆಸರು ನೆನೆಸುವುದಕ್ಕೆ ಇಟ್ಟುಕೊಂಡೆವು. ಕೊನೆಯ ಜಾಲಾಟಕ್ಕೆ ಮಾತ್ರ ಇದು ಮುಟ್ಟಕೂಡದು.

ಕೊನೆಯ ಜಾಲಾಟಕ್ಕೆ ಸಿಕ್ಕಿದ್ದು ಎಸಿ ನೀರು. ಭಾವನ ರೂಮಿನ ಎಸಿಯಿಂದ ಹೊರಗೆ ತೊಟ್ಟಿಕ್ಕುವ ಪೈಪಿನ ಕೆಳಗೆ ಎರಡು ಕ್ಯಾನ್ ಇಟ್ಟಿದ್ದರು. ಅದು ಗಾಳಿಯ ತೇವ ತಣ್ಣಗಾಗಿ ಇಳಿದ ನೀರು. ಉಪ್ಪಿರುವುದಿಲ್ಲ. ಮೀಟರ್ 20ರ ಒಳಗೇ ನಿಂತಿತು. ಸ್ವಲ್ಪ ಧೂಳಿನ ಕಸ ಇತ್ತು, ತೆಳು ಬಟ್ಟೆಯಲ್ಲಿ ಸೋಸಿದೆವು. ಮಳೆ ನೀರು ಹಿಡಿಯುವವರ ಮನೆಯಲ್ಲಿ ಈ ತಾಪತ್ರಯವೇ ಇಲ್ಲ. ಸೋಸಿದ ಮಳೆ ನೀರು ಕಾರಿಗೆ ಬಹಳ ಒಳ್ಳೆಯದು.

ಬಾನೆಟ್ ಮೇಲಿನ ಸ್ವಸ್ತಿಕ

ಶೋರೂಮಿನಿಂದ ಕಾರು ನೇರ ದೇವಸ್ಥಾನಕ್ಕೆ ಹೋಗಿತ್ತು. ಬಾನೆಟ್ ನಡುವೆ ಕುಂಕುಮದ ಸ್ವಸ್ತಿಕ, ಅದರ ಸುತ್ತ ಗಂಧ, ವೈಪರ್ ಬುಡದಲ್ಲಿ ಅಕ್ಷತೆ, ಗ್ರಿಲ್ಲಿಗೆ ಸೇವಂತಿಗೆ ಹಾರ. ಇದನ್ನು ತೆಗೆಯುವುದನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರು ಒಣ ಬಟ್ಟೆ ತೆಗೆದುಕೊಂಡು ಉಜ್ಜಿಬಿಡುತ್ತಾರೆ.

ಕುಂಕುಮ ಪುಡಿಯಲ್ಲಿ ನಯವಾದ ಹುಡಿಯೂ ಇರುತ್ತದೆ, ಕಣ್ಣಿಗೆ ಕಾಣದ ಗಟ್ಟಿ ಕಣವೂ ಇರುತ್ತದೆ. ಗಂಧ ಒಣಗಿದರೆ ಗಾರೆಯಾಗುತ್ತದೆ. ಒಂದು ಹಳೆಯ ಮೈಕ್ರೋಫೈಬರ್ ಬಟ್ಟೆಯನ್ನು ಕಾರ್ ಶಾಂಪೂ ಬೆರೆಸಿದ ನೀರಿನಲ್ಲಿ ಚೆನ್ನಾಗಿ ನೆನೆಸಿ ಸ್ವಸ್ತಿಕದ ಮೇಲೆ ಹಾಸಿದೆ. ಐದು ನಿಮಿಷ ಮುಟ್ಟಲಿಲ್ಲ. ಆಮೇಲೆ ಬಟ್ಟೆಯನ್ನು ನೇರ ಮೇಲಕ್ಕೆ ಎತ್ತಿದೆ. ಅರ್ಧ ಕೆಂಪು ಬಟ್ಟೆಗೇ ಅಂಟಿಕೊಂಡು ಬಂತು. ಉಳಿದದ್ದರ ಮೇಲೆ ಚೊಂಬಿನಿಂದ ನೀರು ಸುರಿದೆ. ಕೆಂಪು ನೀರು ಸಾಲಾಗಿ ಇಳಿದು ಹೋಯಿತು. ಒಂದೆರಡು ಕಡೆ ಅಂಚು ಉಳಿದಿತ್ತು, ಮತ್ತೆ ಒದ್ದೆ ಬಟ್ಟೆ ಹಾಸಿದೆ. ಒಂದು ಸಲವೂ ಉಜ್ಜಲಿಲ್ಲ. ಕ್ಲಿಯರ್ ಕೋಟಿಗೆ ಕುಂಕುಮ ಅಷ್ಟು ಬೇಗ ಇಳಿಯುವುದಿಲ್ಲ. ಬಣ್ಣ ಹಿಡಿಯುವುದು ನಂಬರ್ ಪ್ಲೇಟಿನ ಬಿಳಿಗೆ, ಬಂಪರಿನ ಒರಟು ಕಪ್ಪು ಪ್ಲಾಸ್ಟಿಕ್ಕಿಗೆ. ಅಲ್ಲಿ ಬೇಗ ತೊಳೆಯಬೇಕು.

ಹಾರವನ್ನು ತಂತಿಯಲ್ಲಿ ಕಟ್ಟಿದ್ದರೋ ದಾರದಲ್ಲೋ ನೋಡಿಕೊಳ್ಳಿ. ತಂತಿಯ ತುದಿ ಗಾಳಿಗೆ ಅಲ್ಲಾಡಿ ಬಂಪರನ್ನು ಕೆರೆಯುತ್ತದೆ. ಇಲ್ಲಿ ದಾರ ಇತ್ತು, ಪುಣ್ಯ. ಟೇಪಿನ ಅಂಟು ಉಳಿದ ಕಡೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಚ್ಚಿ ಬಿಟ್ಟರೆ ಸಡಿಲವಾಗಿ ಬರುತ್ತದೆ. ಬ್ಲೇಡು ಬೇಡ.

ತೊಳೆದದ್ದು

ಬೆಳಗ್ಗೆ ಬಿಸಿಲು ಏರುವ ಮೊದಲು ಶುರು ಮಾಡಿದೆವು. ಬಾನೆಟ್ ಮೇಲೆ ಅಂಗೈ ಇಟ್ಟರೆ ತಣ್ಣಗಿರಬೇಕು. ಬಿಸಿ ತಗಡಿನ ಮೇಲೆ ಶಾಂಪೂ ಆರಿ ಕಲೆಯಾಗುತ್ತದೆ.

ಮೊದಲು ಚಕ್ರ. ಎಲ್ಲಕ್ಕಿಂತ ಕೊಳಕು ಅಲ್ಲಿ, ಬ್ರೇಕಿನ ಕಬ್ಬಿಣದ ಪುಡಿ ಕೂಡ ಅಲ್ಲೇ. ಚಕ್ರಕ್ಕೆ ಬೇರೆ ಬಕೆಟ್, ಬೇರೆ ಬ್ರಷ್, ಬೇರೆ ಬಟ್ಟೆ. ಆ ಬಟ್ಟೆ ಆಮೇಲೆ ಬಾಡಿಯ ಹತ್ತಿರ ಸುಳಿಯಬಾರದು. ಗೊಂದಲ ಆಗದಿರಲಿ ಅಂತ ಚಕ್ರದ ಬಟ್ಟೆ ಕೆಂಪು, ಬಾಡಿಯದು ನೀಲಿ ಅಂತ ಇಟ್ಟುಕೊಂಡೆವು.

ಆಮೇಲೆ ಮೇಲಿನಿಂದ ಕೆಳಕ್ಕೆ ಬರೀ ನೀರು. ಹೊಂಗೆ ಹೂವಿನ ಒಣ ಪಕಳೆ, ಸಿಮೆಂಟ್ ಧೂಳು ಎಲ್ಲ ಮುಟ್ಟದೆಯೇ ಹೋಗಬೇಕು. ಪ್ರೆಶರ್ ವಾಷರ್ ಇದ್ದರೆ ಒಂದಡಿ ದೂರ ಹಿಡಿಯಿರಿ, ಕ್ಯಾಮೆರಾ ಮತ್ತು ಸೆನ್ಸರ್ ಹತ್ತಿರ ಇನ್ನೂ ದೂರ. ನಮ್ಮ ಹತ್ತಿರ ಇದ್ದದ್ದು ಗಿಡಕ್ಕೆ ಔಷಧಿ ಹೊಡೆಯುವ ಥರದ ಕೈ ಪಂಪ್, ಹೊಸದು. ಅದರಲ್ಲಿ ಶಾಂಪೂ ನೀರು ತುಂಬಿ ಇಡೀ ಕಾರಿಗೆ ಹೊಡೆದೆ. ಯೂಟ್ಯೂಬಿನಲ್ಲಿ ತೋರಿಸುವ ಹಾಗೆ ದಪ್ಪ ನೊರೆ ಏನೂ ಬರಲಿಲ್ಲ, ಬರಬೇಕಾಗಿಯೂ ಇಲ್ಲ. ಕೊಳೆ ನೆನೆದರೆ ಸಾಕು. ನಾಲ್ಕೈದು ನಿಮಿಷ ಬಿಟ್ಟು ಮತ್ತೆ ನೀರು ಹಾಯಿಸಿದೆವು. ಕೆಳಗೆ ಹರಿದ ನೀರು ಬೂದು ಬಣ್ಣಕ್ಕಿತ್ತು. ಅಷ್ಟು ಧೂಳು ಬಟ್ಟೆಗೆ ಸಿಗದೆ ಹೋಯಿತು ಅನ್ನುವುದೇ ಲಾಭ.

ಕೈ ಹಾಕಿದ್ದು ಆಮೇಲೆ. ಎರಡು ಬಕೆಟ್: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರಿನ ಕೈಗವಸು, ಅಂದರೆ ವಾಶ್ ಮಿಟ್, ಶಾಂಪೂವಿನಲ್ಲಿ ಅದ್ದಿ ಅರ್ಧ ಬಾನೆಟ್ ಒರೆಸುವುದು. ಮತ್ತೆ ಶಾಂಪೂಗೆ ಅದ್ದುವ ಮೊದಲು ಬರೀ ನೀರಿನ ಬಕೆಟಿನಲ್ಲಿ ಜಾಲಿಸುವುದು. ಕೊಳೆ ಆ ಬಕೆಟಿನ ತಳಕ್ಕೆ ಇಳಿಯುತ್ತದೆ, ಶಾಂಪೂ ಬಕೆಟ್ ಶುದ್ಧವಾಗಿರುತ್ತದೆ. ಇಷ್ಟು ಸರಳ ಸಂಗತಿ, ಆದರೆ ಹೆಚ್ಚುಕಡಿಮೆ ಯಾರೂ ಮಾಡುವುದಿಲ್ಲ. ಕೈ ನೇರಕ್ಕೆ ಹೋಗಬೇಕು, ಸುತ್ತಬಾರದು. ಭಾರ ಹಾಕಬಾರದು, ಮಿಟ್ ತನ್ನ ತೂಕಕ್ಕೆ ತಾನೇ ಜಾರಬೇಕು. ಮೊದಲು ರೂಫ್, ಗಾಜು, ಬಾನೆಟ್, ಡಿಕ್ಕಿ. ಬಾಗಿಲಿನ ಕೆಳಭಾಗ ಮತ್ತು ಬಂಪರ್ ಕೊನೆಗೆ. ರಸ್ತೆಯ ಮರಳು ಇರುವುದು ಅಲ್ಲೇ.

ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಅದು ಜಿಡ್ಡು ತೆಗೆಯಲು ಮಾಡಿದ್ದು, ಹಚ್ಚಿದ ವ್ಯಾಕ್ಸನ್ನೂ ಜಿಡ್ಡು ಅಂತಲೇ ತೆಗೆಯುತ್ತದೆ. ಒಂದು ಸಲಕ್ಕೆ ಬಣ್ಣವೇನೂ ಹಾಳಾಗುವುದಿಲ್ಲ, ಆದರೆ ಅಭ್ಯಾಸ ಬೇಡ. ಕಾರ್ ಶಾಂಪೂ ಒಂದು ಬಾಟಲಿ ವರ್ಷಕ್ಕೆ ಬರುತ್ತದೆ.

ಕೊನೆಗೆ ಎಸಿ ನೀರು. ಚೊಂಬಿನಲ್ಲಿ ಎರಚಲಿಲ್ಲ. ರೂಫಿನ ನಡುವಿನಿಂದ ನಿಧಾನವಾಗಿ, ಸಣ್ಣ ಧಾರೆಯಾಗಿ ಸುರಿದೆ. ಹಾಗೆ ಸುರಿದರೆ ನೀರು ಹನಿಯೊಡೆಯದೆ ಹಾಳೆಯಾಗಿ ಇಳಿಯುತ್ತದೆ, ಹೋಗುವಾಗ ಉಳಿದ ಹನಿಗಳನ್ನೂ ಎಳೆದುಕೊಂಡು ಹೋಗುತ್ತದೆ. ದೊಡ್ಡ ಡ್ರೈಯಿಂಗ್ ಟವೆಲನ್ನು ಬಾನೆಟ್ ಮೇಲೆ ಹಾಸಿ, ಎರಡು ಮೂಲೆ ಹಿಡಿದು ನಮ್ಮ ಕಡೆಗೆ ಎಳೆದೆವು. ಕನ್ನಡಿಯ ಸಂದಿ, ನಂಬರ್ ಪ್ಲೇಟಿನ ಹಿಂದೆ, ಬಾಗಿಲಿನ ಹಿಡಿಯ ಒಳಗೆ ನೀರು ಅಡಗಿ ಕೂತು ಆಮೇಲೆ ಸೋರುತ್ತದೆ. ಬಾಗಿಲು ತೆಗೆದು ಹಾಕಿ ಅದನ್ನೂ ಇಳಿಸಿಕೊಂಡೆವು. ಎಲ್ಲ ಸೇರಿ ಐದಾರು ಬಕೆಟ್ ನೀರು ಆಗಿರಬೇಕು. ಪೈಪ್ ಬಿಟ್ಟಿದ್ದರೆ ಹದಿನೈದು ನಿಮಿಷಕ್ಕೆ ಇದರ ದುಪ್ಪಟ್ಟು ಚರಂಡಿ ಸೇರುತ್ತಿತ್ತು.

ಪ್ಲಾಸ್ಟಿಕ್ ಕವರಿನ ಪರೀಕ್ಷೆ

ತೊಳೆದ ಕಾರು ಕಣ್ಣಿಗೆ ಕನ್ನಡಿ. ಆದರೆ ತರಕಾರಿ ತರುವ ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ, ಬೆರಳ ತುದಿಯನ್ನು ಬಣ್ಣದ ಮೇಲೆ ಹಗುರವಾಗಿ ಜಾರಿಸಿ ನೋಡಿ. ಬರಿಗೈಗೆ ಗೊತ್ತಾಗದ್ದು ಆಗ ಗೊತ್ತಾಗುತ್ತದೆ. ಬಾನೆಟ್ ನಯವಾಗಿತ್ತು. ಅದರ ಮೇಲೆ ಕಂಪನಿಯಿಂದ ಬರುವಾಗಲೇ ರಕ್ಷಣೆಯ ಫಿಲಂ ಇತ್ತು ಅಂತ ಕಾಣುತ್ತದೆ. ರೂಫ್ ಮತ್ತು ಡಿಕ್ಕಿ ಮಾತ್ರ ಸಣ್ಣಗೆ ಚರಚರ ಅಂದವು. ಭಾವ ನಂಬಲಿಲ್ಲ. ಅವರ ಕೈಗೂ ಕವರ್ ಕೊಟ್ಟೆ.

"ಏನಪ್ಪಾ ಇದು, ಹೊಸ ಕಾರು ಅಲ್ವಾ?"

ಹೊಸದೇ. ಆದರೆ ಕಾರ್ಖಾನೆಯಿಂದ ಮನೆಗೆ ಬರುವಷ್ಟರಲ್ಲಿ ಲಾರಿಯಲ್ಲೋ ರೈಲಿನಲ್ಲೋ ಬಂದು, ಯಾರ್ಡಿನಲ್ಲಿ ಕಾದಿರುತ್ತದೆ. ರೈಲು ಹಳಿಯಿಂದ, ಬ್ರೇಕಿನಿಂದ ಹಾರುವ ಕಬ್ಬಿಣದ ಸಣ್ಣ ಚೂರುಗಳು ಬಣ್ಣಕ್ಕೆ ಚುಚ್ಚಿಕೊಂಡು ಕೂರುತ್ತವೆ. ತೊಳೆದರೆ ಹೋಗುವುದಿಲ್ಲ. ಅವಕ್ಕೆ ಐರನ್ ರಿಮೂವರ್ ಅಂತ ದ್ರಾವಣ ಬರುತ್ತದೆ. ಕಬ್ಬಿಣಕ್ಕೆ ತಗುಲಿದರೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ವಾಸನೆ ಕೊಳೆತ ಮೊಟ್ಟೆಯದು, ಅಕ್ಕ ಅಡುಗೆಮನೆ ಕಿಟಕಿ ಹಾಕಿಕೊಂಡಳು. ಡಿಕ್ಕಿಯ ಮೇಲೆ ಹೊಡೆದು ಎರಡು ನಿಮಿಷ ಕಾದರೆ ನೀಲಿ ಬಣ್ಣದ ಮೇಲೆ ಅಲ್ಲಲ್ಲಿ ನೇರಳೆ ಚುಕ್ಕೆ ಎದ್ದು, ಸಣ್ಣ ಬಾಲ ಬಿಟ್ಟುಕೊಂಡು ಕೆಳಗೆ ಇಳಿದವು. ಆರಲು ಬಿಡದೆ ತೊಳೆದೆವು.

ಅಷ್ಟಕ್ಕೂ ಹೋಗದೆ ಉಳಿದದ್ದಕ್ಕೆ ಕ್ಲೇ ಬಾರ್. ಜೇಡಿಮಣ್ಣಿನ ಹಾಗೆ ಮೆತ್ತಗಿರುವ ತುಂಡು. ಕಾಲು ಭಾಗ ಮುರಿದು, ಕೈಯಲ್ಲಿ ನಾದಿ ಚಪ್ಪಟೆ ಮಾಡಿ, ಶಾಂಪೂ ನೀರು ಧಾರಾಳವಾಗಿ ಚಿಮುಕಿಸಿ, ಭಾರ ಹಾಕದೆ ಹಿಂದೆ ಮುಂದೆ ಜಾರಿಸಬೇಕು. ಮೊದಲು ತಡೆಯುತ್ತದೆ, ಸ್ವಲ್ಪ ಹೊತ್ತಿಗೆ ಸಲೀಸಾಗುತ್ತದೆ. ಆಗ ನಿಲ್ಲಿಸಬೇಕು. ಮಡಚಿ ಹೊಸ ಮೈ ತೆಗೆದು ಮುಂದಕ್ಕೆ. ಕ್ಲೇ ನೆಲಕ್ಕೆ ಬಿದ್ದರೆ ಆ ತುಂಡನ್ನು ಎಸೆಯಿರಿ, ತೊಳೆದು ಬಳಸಬೇಡಿ. ಹೊಸ ಕಾರಿಗೆ ಇಡೀ ಮೈಗೆ ಕ್ಲೇ ಮಾಡಬೇಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕ್ಲೇ ಕೂಡ ಒಂದು ಥರದ ಉಜ್ಜಾಟವೇ. ಕವರ್ ಚರಚರ ಅಂದ ರೂಫ್ ಮತ್ತು ಡಿಕ್ಕಿಗೆ ಮಾಡಿದೆವು, ಬಾನೆಟ್ ಮತ್ತು ಬಾಗಿಲನ್ನು ಮುಟ್ಟಲಿಲ್ಲ.

ವ್ಯಾಕ್ಸ್

ಹೊಸ ಕಾರಿಗೆ ತಿಂಗಳುಗಟ್ಟಲೆ ವ್ಯಾಕ್ಸ್ ಹಾಕಬಾರದು, ಬಣ್ಣ ಉಸಿರಾಡಬೇಕು ಅಂತ ಒಂದು ಮಾತಿದೆ. ಅದು ಗ್ಯಾರೇಜಿನಲ್ಲಿ ಮರು ಪೇಂಟ್ ಆದ ಕಾರಿಗೆ ಸರಿ. ಅಲ್ಲಿ ಬಣ್ಣವನ್ನು ಸುಮಾರು 60 ಡಿಗ್ರಿಯಲ್ಲಿ ಒಣಗಿಸುತ್ತಾರೆ, ಒಳಗಿನ ಥಿನ್ನರ್ ಪೂರ್ತಿ ಹೋಗಲು ವಾರಗಳು ಬೇಕು. ಕಾರ್ಖಾನೆಯಲ್ಲಿ ಸೀಟು, ವೈರು, ರಬ್ಬರ್ ಏನೂ ಇಲ್ಲದ ಬರೀ ಬಾಡಿಯನ್ನು ಒಲೆಯೊಳಗೆ ಕಳಿಸಿ ಸುಮಾರು 140 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಕಾರು ಹೊರಗೆ ಬರುವಾಗಲೇ ಬಣ್ಣ ಪಕ್ಕಾ ಆಗಿರುತ್ತದೆ. ಕಾಯಬೇಕಾಗಿಲ್ಲ.

ಯಾವ ವ್ಯಾಕ್ಸ್? ಡಬ್ಬಿಗಳ ಮೇಲೆಲ್ಲ ಬರೆದಿರುವ ಕಾರ್ನಾಬಾ ಬರುವುದು ಈಶಾನ್ಯ ಬ್ರೆಜಿಲ್‌ನ ಸಿಯಾರಾ, ಪಿಯಾವಿ ಕಡೆಯ ಒಂದು ತಾಳೆ ಜಾತಿಯ ಮರದ ಎಲೆಯಿಂದ. ಒಣ ನಾಡಿನಲ್ಲಿ ನೀರು ಆರದಿರಲಿ ಅಂತ ಎಲೆ ಬಿಡುವ ಮೇಣ ಅದು. ಎಲೆ ಒಣಗಿಸಿ, ಬಡಿದು, ಪುಡಿ ಉದುರಿಸಿ ಕರಗಿಸುತ್ತಾರೆ. 82ರಿಂದ 86 ಡಿಗ್ರಿಯ ತನಕ ಕರಗುವುದಿಲ್ಲ. ಜೇನುಮೇಣ 65 ಡಿಗ್ರಿ ಮುಟ್ಟುವ ಮೊದಲೇ ಕರಗುತ್ತದೆ. ಬಿಸಿಲಿಗೆ ಕಾದ ಬಾನೆಟ್ ಮೇಲೆ ನಿಲ್ಲಲು ಆ ಗಡಸುತನವೇ ಬೇಕು. ಬರೀ ಕಾರ್ನಾಬಾ ಕಲ್ಲಿನಂತಿರುವುದರಿಂದ ಎಣ್ಣೆ, ಥಿನ್ನರ್ ಬೆರೆಸಿ ಪೇಸ್ಟ್ ಮಾಡಿರುತ್ತಾರೆ.

ನಮ್ಮ ಬಿಸಿಲು ಮಳೆಗೆ ಕಾರ್ನಾಬಾ ಒಂದೂವರೆ ಎರಡು ತಿಂಗಳು ನಿಂತರೆ ಹೆಚ್ಚು. ಸಿಂಥೆಟಿಕ್ ಸೀಲೆಂಟ್, ಅಂದರೆ ಮೇಣದ ಬದಲು ರಾಸಾಯನಿಕದಿಂದ ಮಾಡಿದ ಲೇಪ, ನಾಲ್ಕೈದು ತಿಂಗಳು ಬಾಳುತ್ತದೆ. ಕಾರು ಮರದ ಕೆಳಗೆ ನಿಲ್ಲುವುದು, ಮುಂದೆ ಮಳೆಗಾಲ ಅಂತ ಎರಡೂ ಬೆರೆತ ಪೇಸ್ಟ್ ಆರಿಸಿದೆವು. ಕೊಳ್ಳುವಾಗ ಒಂದು ನೋಡಿಕೊಳ್ಳಿ: ಡಬ್ಬಿಯ ಮೇಲೆ ಕ್ಲೀನರ್ ವ್ಯಾಕ್ಸ್ ಅಂತ ಇದ್ದರೆ ಅದರಲ್ಲಿ ಉಜ್ಜಿ ಸವೆಸುವ ನಯವಾದ ಪುಡಿ ಇರಬಹುದು. ಹಳೆಯ ಕಾರಿಗೆ ಅದು ಸರಿ. ಹೊಸದಕ್ಕೆ ಬೇಡ.

ಭಾನುವಾರ ಬೆಳಗ್ಗೆ ನೆರಳಿನಲ್ಲಿ ಶುರು. ಒರಟು ಕಪ್ಪು ಪ್ಲಾಸ್ಟಿಕ್ ಮತ್ತು ರಬ್ಬರ್ ಬೀಡಿಂಗಿಗೆ ಮೊದಲೇ ಮಾಸ್ಕಿಂಗ್ ಟೇಪ್ ಅಂಟಿಸಿದೆವು. ಅಲ್ಲಿಗೆ ವ್ಯಾಕ್ಸ್ ತಗುಲಿದರೆ ಬಿಳಿ ಕಲೆ ಕೂತು, ತೆಗೆಯಲು ಹರಸಾಹಸ. ಮುಂದಿನ ಗಾಜಿಗೂ ಬೇಡ, ವೈಪರ್ ಕಿರ್ ಅಂತ ಜಿಗಿಯುತ್ತದೆ.

ಫೋಮ್ ಪ್ಯಾಡಿನ ತುದಿಗೆ ಹೆಬ್ಬೆರಳ ಉಗುರಿನಷ್ಟು ವ್ಯಾಕ್ಸ್. ಅರ್ಧ ಬಾನೆಟಿಗೆ ಅಷ್ಟು ಸಾಕು. ಭಾವ ಮೊದಲು ಬೆಣ್ಣೆ ಬಳಿದ ಹಾಗೆ ಬಳಿಯಲು ಹೊರಟರು. "ಕಡಿಮೆ, ಇನ್ನೂ ಕಡಿಮೆ ಭಾವ." ಹಚ್ಚಿದ್ದು ಕಂಡೂ ಕಾಣದ ಹಾಗಿರಬೇಕು. ಬಣ್ಣಕ್ಕೆ ಹಿಡಿಯುವುದು ತೆಳು ಪದರ ಮಾತ್ರ. ಉಳಿದದ್ದೆಲ್ಲ ಒರೆಸಿ ತೆಗೆಯುವ ಕೆಲಸ, ಜಾಸ್ತಿ ಒರೆಸಿದಷ್ಟೂ ಜಾಸ್ತಿ ಗೀರು. ನೇರ ಗೆರೆಯಲ್ಲಿ ಹೋಗಿ, ಮತ್ತೆ ಅಡ್ಡಕ್ಕೆ ಹೋದರೆ ಯಾವ ಜಾಗವೂ ಬಿಟ್ಟುಹೋಗುವುದಿಲ್ಲ.

ಹತ್ತು ನಿಮಿಷಕ್ಕೆ ಮಂಜು ಕವಿದ ಹಾಗಾಯಿತು. ಒರೆಸುವ ಹೊತ್ತು ಬಂತಾ ಅಂತ ತಿಳಿಯಲು ಬೆರಳು ಎಳೆದು ನೋಡಬೇಕು. ಬೆರಳು ಹೋದ ಜಾಗ ಶುಭ್ರವಾಗಿ ಹೊಳೆದರೆ ಆಯಿತು. ಜಿಡ್ಡು ಎಳೆದಂತಾದರೆ ಇನ್ನೂ ಕಾಯಬೇಕು. ಒಣ ಹವೆಯಲ್ಲಿ ಬೇಗ, ಮೋಡ ಕವಿದ ದಿನ ನಿಧಾನ. ಮಂಗಳೂರು, ಉಡುಪಿ ಕಡೆಯವರು ಇನ್ನೂ ಸ್ವಲ್ಪ ಹೊತ್ತು ಬಿಡಬೇಕಾಗುತ್ತದೆ. ಒಂದು ಬಟ್ಟೆಯಲ್ಲಿ ಹಗುರವಾಗಿ ತೆಗೆದು, ಇನ್ನೊಂದು ಶುದ್ಧ ಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿದೆವು. ಬಟ್ಟೆಯ ಅಂಚಿನ ಲೇಬಲ್ ಮೊದಲೇ ಕತ್ತರಿಸಿದ್ದೆ, ಅದರ ಗಡಸು ಹೊಲಿಗೆಯೂ ಗೀರುತ್ತದೆ.

ಮಧ್ಯಾಹ್ನ ಊಟ ಮುಗಿಸಿ, ಒಂದು ನಿದ್ದೆ ತೆಗೆದು, ಸಂಜೆ ಇನ್ನೊಂದು ಕೋಟ್. ದಪ್ಪ ಆಗಲಿ ಅಂತಲ್ಲ, ಮೊದಲ ಸಲ ತಪ್ಪಿಹೋದ ಜಾಗ ಮುಚ್ಚಲಿ ಅಂತ.

ಆಮೇಲಿನ ಏರ್ಪಾಡು

ವ್ಯಾಕ್ಸ್ ಇದ್ದರೂ ಗೀರು ಬೀಳುತ್ತದೆ. ವ್ಯಾಕ್ಸಿನ ಉಪಕಾರ ಬೇರೆ. ಕಾಗೆ ಹಿಕ್ಕೆ ಹಾಕಿದರೆ, ಮರದ ಅಂಟು ಬಿದ್ದರೆ ಅದು ಮೊದಲು ವ್ಯಾಕ್ಸನ್ನು ತಿನ್ನಬೇಕು, ಆಮೇಲೆ ಬಣ್ಣಕ್ಕೆ ಬರಬೇಕು. ಅಷ್ಟು ಹೊತ್ತು ನಮಗೆ ಸಿಗುತ್ತದೆ. ಹಕ್ಕಿ ಹಿಕ್ಕೆಯಲ್ಲಿ ಯೂರಿಕ್ ಆಮ್ಲ ಇದೆ, ಬಿಸಿಲಿಗೆ ಮೆತ್ತಗಾದ ಕ್ಲಿಯರ್ ಕೋಟನ್ನು ಬೇಗ ಕೊರೆಯುತ್ತದೆ. ಡೋರ್ ಪಾಕೆಟಿನಲ್ಲಿ ಒಂದು ಸ್ಪ್ರೇ ಬಾಟಲಿ ನೀರು, ಎರಡು ಬಟ್ಟೆ ಇಟ್ಟಿದ್ದೇವೆ. ಕಂಡ ಕೂಡಲೇ ನೆನೆಸಿ, ಬಟ್ಟೆ ಹಾಸಿ, ಎತ್ತುವುದು. ಕುಂಕುಮಕ್ಕೆ ಮಾಡಿದ ಹಾಗೆಯೇ.

ಬೀದಿಯ ಕಾರುಗಳನ್ನೆಲ್ಲ ಬೆಳಗ್ಗೆ ಒರೆಸುವ ಹುಡುಗನನ್ನು ಬಿಡಿಸುವುದು ಅಕ್ಕನಿಗೆ ಇಷ್ಟವಿರಲಿಲ್ಲ. ತಿಂಗಳ ದುಡ್ಡು ಅದೇ, ಕೆಲಸ ಬೇರೆ ಮಾಡಿದೆವು: ಗಾಜು, ಟೈರು, ಒಳಗಿನ ಮ್ಯಾಟು. ಬಣ್ಣದ ಮೇಲೆ ಬಟ್ಟೆ ಬೇಡ. ಅವನಿಗೂ ಖುಷಿ. ವಾರಕ್ಕೊಮ್ಮೆ ಭಾವನೇ ರಿನ್ಸ್‌ಲೆಸ್ ದ್ರಾವಣ ಬೆರೆಸಿದ ಒಂದು ಬಕೆಟ್ ನೀರಿನಲ್ಲಿ ಒರೆಸುತ್ತಾರೆ. ಒಂದೊಂದು ಭಾಗಕ್ಕೆ ಬಟ್ಟೆಯ ಒಂದೊಂದು ಮಡಿಕೆ, ಜಾಲಾಡುವ ಕೆಲಸ ಇಲ್ಲ, ಹತ್ತು ಲೀಟರಿನಲ್ಲಿ ಮುಗಿಯುತ್ತದೆ. ಕಾರು ಕೆಸರಾಗಿದ್ದರೆ ಮಾತ್ರ ಇದು ನಡೆಯುವುದಿಲ್ಲ, ಆಗ ಪೂರ್ತಿ ತೊಳೆಯಲೇಬೇಕು.

ಮೈಕ್ರೋಫೈಬರ್ ಬಟ್ಟೆಗಳನ್ನು ಮನೆ ಬಟ್ಟೆಯ ಜೊತೆ ಮೆಷಿನ್ನಿಗೆ ಹಾಕಬೇಡಿ, ಹತ್ತಿಯ ನೂಲೆಲ್ಲ ಹಿಡಿದುಕೊಳ್ಳುತ್ತದೆ. ಬಟ್ಟೆ ಮೆತ್ತಗಾಗಲಿ ಅಂತ ಹಾಕುವ ಕಂಡೀಷನರ್ ಕೂಡ ಬೇಡ, ಎಳೆಗಳ ಸಂದಿ ಮುಚ್ಚಿ ಬಟ್ಟೆ ನೀರನ್ನೇ ಹೀರುವುದಿಲ್ಲ.

ಶಾಂಪೂ, ಮಿಟ್, ಬಟ್ಟೆಗಳು, ಕ್ಲೇ, ಐರನ್ ರಿಮೂವರ್, ವ್ಯಾಕ್ಸ್ ಎಲ್ಲ ಸೇರಿ ಮೂರು ಸಾವಿರದ ಆಸುಪಾಸು ಆಯಿತು. ವ್ಯಾಕ್ಸ್ ಡಬ್ಬಿಯಲ್ಲಿ ಮುಕ್ಕಾಲು ಭಾಗ ಹಾಗೇ ಇದೆ. ನೀರು ಮುತ್ತಾಗಿ ನಿಲ್ಲುವುದು ಬಿಟ್ಟು ಚಪ್ಪಟೆಯಾಗಿ ಹರಡತೊಡಗಿದರೆ ಹೊಸ ಕೋಟಿನ ಹೊತ್ತು ಬಂತು ಅಂತ. ನನ್ನ ಅಂದಾಜಿನಲ್ಲಿ ಅದು ಮಳೆಗಾಲ ಮುಗಿಯುವ ಹೊತ್ತಿಗೆ. ಆಯುಧಪೂಜೆಗೆ ಒಂದು ವಾರ ಮೊದಲು ಹಾಕಿಬಿಡಿ ಅಂತ ಭಾವನಿಗೆ ಹೇಳಿದ್ದೇನೆ. ಅರಿಶಿನ, ಕುಂಕುಮ, ಬೂದುಗುಂಬಳಕಾಯಿಯ ರಸ ಎಲ್ಲ ಹೊಸ ಕೋಟಿನ ಮೇಲೆ ಬೀಳಲಿ.